ಏಳು ಗಂಟೆಯ ಗ್ಲಾಸು

ಮಂಜಲ್‌ಪುರದ ತಿರುವಿನಲ್ಲಿ ಪೊಲೀಸರು ರಿಕ್ಷಾ ನಿಲ್ಲಿಸಿದಾಗ ರುಕ್ಮಿಣಿಯ ಜೀವ ಬಾಯಿಗೆ ಬಂತು. ಮಡಿಲಲ್ಲಿದ್ದ ಚೀಲದಲ್ಲಿ ಮೇಲೆ ಮೆಂತ್ಯ ಸೊಪ್ಪು, ಕೆಳಗೆ ರಮ್ಮಿನ ಬಾಟಲಿ. ಪಾನನಿಷೇಧವಿರುವ ಗುಜರಾತಿನಲ್ಲಿ ಪರ್ಮಿಟ್ ಇಲ್ಲದವರ ಕೈಯಲ್ಲಿ ಅದು ಸಿಕ್ಕರೆ ನೇರ ಠಾಣೆಯೇ. ಏಕಾದಶಿಗೆ ಅನ್ನ ಮುಟ್ಟದ ಹೆಂಗಸು ಎಂದರೆ ಯಾರು ಕೇಳುತ್ತಾರೆ? ಪೇದೆ ಚಾಲಕನ ಲೈಸೆನ್ಸ್ ನೋಡಿದ, ಸೊಪ್ಪು ನೋಡಿದ, ಹೋಗಿ ಎಂದು ಕೈಬೀಸಿದ.

ಆದರೂ ಅವಳು ಚೀಲ ಬಿಗಿಹಿಡಿದೇ ಕುಳಿತಳು. ಅವಳ ನಿಜವಾದ ಹೆದರಿಕೆ ಪೊಲೀಸರದ್ದಲ್ಲ. ಗಂಡ ಸಾಯುತ್ತಾನೆ, ಕೊಂದವಳು ತಾನೇ ಆಗುತ್ತೇನೆ ಎಂಬ ಹೆದರಿಕೆ ಅದು.

ಗಂಡ ದಾಮೋದರ ಸುಬೇದಾರನಾಗಿ ನಿವೃತ್ತನಾದವನು. ಮಾಜಿ ಸೈನಿಕನಾದ್ದರಿಂದ ಪರ್ಮಿಟ್ ಉಂಟು, ಸೇನೆಯ ಕ್ಯಾಂಟೀನಿನಲ್ಲಿ ತಿಂಗಳ ಕೋಟಾ ಉಂಟು. ಸಂಜೆ ಏಳು ಹೊಡೆದರೆ ಬಾಲ್ಕನಿ, ಕುರ್ಚಿ, ಗ್ಲಾಸು. ಕೊನೆಗೆ ಲಿವರ್ ಕೈಕೊಟ್ಟಿತು. ಒಮ್ಮೆ ರಕ್ತ ವಾಂತಿಯಾಯಿತು. ಇನ್ನೊಂದು ಸಲ ಹೀಗಾದರೆ ಉಳಿಸುವುದು ಕಷ್ಟ ಎಂದ ಡಾಕ್ಟರು, ಮಾಜಿ ಸೈನಿಕರ ಕುಡಿತ ತಗ್ಗಿಸುವ ಒಂದು ಆನ್‌ಲೈನ್ ಕಾರ್ಯಕ್ರಮಕ್ಕೆ ಅವನ ಹೆಸರು ಬರೆಸಿದರು. ದಿನಾ ಫೋನಿನಲ್ಲಿ ಅವತ್ತಿನ ಕುಡಿತದ ಲೆಕ್ಕ ಒತ್ತಬೇಕು. ವಾರಕ್ಕೊಮ್ಮೆ ಅಹಮದಾಬಾದಿನಲ್ಲಿರುವ ವಿಂಧ್ಯಾ ಎಂಬ ಕನ್ನಡದ ಹುಡುಗಿ ವಿಡಿಯೋದಲ್ಲಿ ಮಾತಾಡಿಸುತ್ತಾಳೆ. ಫೋನು ನೋಡಿ ಕುಡಿತ ಬಿಡುವುದಾದರೆ ಅಡುಗೆ ವಿಡಿಯೋ ನೋಡಿ ಹೊಟ್ಟೆಯೂ ತುಂಬಬೇಕಿತ್ತಲ್ಲ ಎಂದು ರುಕ್ಮಿಣಿ ಮೂಗು ಮುರಿದಿದ್ದಳು.

ಮುರಿಯದೆ ಏನು? ಕೊಲ್ಲೂರಿನಲ್ಲಿ ಒಮ್ಮೆ, ಧರ್ಮಸ್ಥಳದಲ್ಲಿ ಎರಡು ಸಲ, ಮಗಳ ತಲೆಮುಟ್ಟಿ ಮತ್ತೊಮ್ಮೆ, ಆಣೆ ಹಾಕಿ ಮುರಿದವನು ಅವನು. ಪ್ರತಿ ಸಲವೂ ಅವಳು ನಂಬಿ ಪಾಯಸ ಮಾಡಿದ್ದಳು. ಈ ಬಾರಿ ಆಣೆಯೂ ಇಲ್ಲ, ಮಾತೂ ಇಲ್ಲ. ಬದಲಾದದ್ದು ಇಷ್ಟೇ: ಬೆಳಿಗ್ಗೆ ಐದಕ್ಕೆದ್ದು ತಾನೇ ಒಂದು ಫ್ಲಾಸ್ಕ್ ಹಾಲಿಲ್ಲದ ಚಹಾ ಕಾಯಿಸಿಕೊಳ್ಳುತ್ತಿದ್ದ. ಸಂಜೆಯ ಗ್ಲಾಸು ಮಾತ್ರ ತಪ್ಪಲಿಲ್ಲ.

ಏಳು ದಿನದ ಹಿಂದೆ ಅವಳ ತಾಳ್ಮೆ ಹೋಯಿತು. ಅವನು ಸ್ನಾನಕ್ಕೆ ಹೋದಾಗ ಬಾಲ್ಕನಿಯ ಬಾಟಲಿಯನ್ನು ಸಿಂಕಿಗೆ ಸುರಿದು, ಅವನದೇ ಫ್ಲಾಸ್ಕಿನ ಚಹಾ ತುಂಬಿಸಿಟ್ಟಳು. ಕೊರೊನಾ ಬಂದು ಹೋದ ಮೇಲೆ ಅವಳ ಮೂಗಿಗೆ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಕಣ್ಣಿಗೆ ಬಣ್ಣ ಸರಿಯಾಗಿತ್ತು, ಸಾಕು. ಅಂದು ಸಂಜೆ ಕಿಟಕಿಯ ಹಿಂದೆ ಅಡಗಿ ನಿಂತಳು. ಅವನು ಕುಡಿದ, ಏನೂ ಹೇಳಲಿಲ್ಲ. ಏಳು ಸಂಜೆಯೂ ಹೇಳಲಿಲ್ಲ. ಕಾಯಿಲೆಗೆ ನಾಲಿಗೆಯೂ ಸತ್ತಿರಬೇಕು ಎಂದುಕೊಂಡಳು.

ಇಂದು ಭಾನುವಾರ ಬೆಳಿಗ್ಗೆ ಅವನ ಕೈಯಿಂದ ಲೋಟ ಜಾರಿತು. ಕೈ ನಡುಗುತ್ತಿತ್ತು. ಅವನು ಹೊರಗೆ ಹೋದ ಮೇಲೆ ಚಾರ್ಜಿಗಿಟ್ಟಿದ್ದ ಅವನ ಫೋನಿಗೆ ಆ ಕಾರ್ಯಕ್ರಮದವರು ಎಲ್ಲರಿಗೂ ಕಳಿಸಿದ ಧ್ವನಿಸಂದೇಶ ಬಂತು. ಅವಳ ಬೆರಳು ತಾಗಿ ಹಿಂದಿಯಲ್ಲಿ ಮಾತು ಶುರುವಾಯಿತು. ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಕೈ ನಡುಕ ಬರಬಹುದು, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು.

ರುಕ್ಮಿಣಿ ಆಸ್ಪತ್ರೆಗೆ ಮೂರು ಸಲ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಕೊಟ್ಟರೆ ವಿಷ, ಕೊಡದಿದ್ದರೆ ಸಾವು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಊರಿನ ಆ ಬದಿಯ ಗೋರ್ವಾದಲ್ಲಿದ್ದ ಗಂಡನ ಹಳೆಯ ಜೊತೆಗಾರ ಚನ್ನಬಸಪ್ಪನ ಮನೆಗೆ ಓಡಿದಳು. ಅವನೂ ಪರ್ಮಿಟ್‌ದಾರ, ಧಾರವಾಡದ ಕಡೆಯವನು. ಅರ್ಧ ಬಾಟಲಿ ಕೊಟ್ಟ, ಆದರೆ ಹುಬ್ಬು ಗಂಟಿಕ್ಕಿದ.

"ಮೂರು ತಿಂಗಳಾತ್ರಿ ಅಕ್ಕಾರ, ಕ್ಯಾಂಟೀನ್ ಕಡೆ ದಾಮೋದರನ ಮಾರಿ ಕಂಡಿಲ್ಲ. ಈಗ ಅವನೇ ಕೇಳ್ಯಾನೇನು?"

ಹೌದು ಎಂದು ಸುಳ್ಳು ಹೇಳಿದಳು. ಗಂಡ ಬೇರೆ ದಿನ ಹೋಗುತ್ತಿರಬೇಕು, ಅದಕ್ಕೇ ಕಂಡಿಲ್ಲ ಎಂದುಕೊಂಡಳು.

ಪೊಲೀಸರನ್ನು ದಾಟಿ ಮನೆ ಸೇರಿದವಳೇ ಬಾಟಲಿಯ ಚಹಾ ಚೆಲ್ಲಿ ರಮ್ ತುಂಬಿಸಿದಳು. ಏಳು ಗಂಟೆಗೆ ದಾಮೋದರ ಬಾಲ್ಕನಿಯಲ್ಲಿ ಕುಳಿತ. ಗ್ಲಾಸು ತುಂಬಿಸಿ ಒಂದು ಗುಟುಕು ನುಂಗಿದ. ಅಷ್ಟಕ್ಕೇ ತಡೆದ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ, ಬಾಟಲಿ ಮೂಸಿದ, ಆಮೇಲೆ ಬಾಗಿಲಲ್ಲಿ ನಿಂತವಳನ್ನು ನೋಡಿದ. ಹಣೆಯಲ್ಲಿ ಬೆವರು. ಗ್ಲಾಸನ್ನು ಕೆಳಗಿಡಲು ಹೋದವನ ಕೈ ಮೊದಲಿಗಿಂತ ಹೆಚ್ಚು ನಡುಗಿತು.

ಇನ್ನೇನು ಫಿಟ್ಸ್ ಬರುತ್ತದೆ ಎಂದು ಅವಳಿಗೆ ಅಳುವೇ ಬಂತು. "ಕುಡೀರಿ," ಎಂದಳು. "ನಾನೇ ಇಟ್ಟದ್ದು. ಈಗ ಬಿಡ್ಬೇಡಿ, ನಂಗೆ ಹೆದರಿಕೆ ಆಗ್ತದೆ."

"ನೀನೇ ಹೇಳುದಾ ಇದನ್ನು?"

"ಹೌದು. ನಾನೇ ಹೇಳುದು."

ಅವನು ಗ್ಲಾಸನ್ನು ಹತ್ತಿರ ಎಳೆದುಕೊಂಡ. ಆಮೇಲೆ ಕಣ್ಣು ಮುಚ್ಚಿ, ಗ್ಲಾಸು ಎತ್ತಿ, ಒಂದೇ ಉಸಿರಿಗೆ ಖಾಲಿ ಮಾಡಿದ. ನಡುಕ ನಿಂತಿತು. ರುಕ್ಮಿಣಿ ದೇವರೇ ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು.

ಏಳೂಕಾಲಿಗೆ ಅವಳ ಫೋನು ರಿಂಗಾಯಿತು. ಹುಡುಗಿಯ ದನಿ, ಕನ್ನಡ.

"ಅಮ್ಮಾ, ನಾನು ವಿಂಧ್ಯಾ. ಅವರಿಗೆ ಗೊತ್ತಾಗ್ಬಾರ್ದು, ಮೆಲ್ಲಗೆ ಮಾತಾಡಿ. ನಾಳೆ ವಿಡಿಯೋಗೆ ನೀವೂ ಬರ್ಬೇಕು, ಅವರು ಒಂದು ಹನಿ ಮುಟ್ಟದೆ ನಾಳೆಗೆ ನೂರು ದಿನ. 'ಎಷ್ಟೋ ಸಲ ಆಸೆ ತೋರಿಸಿ ಅವಳನ್ನ ಅಳಿಸಿದ್ದೀನಿ, ನೂರಾಗೋವರೆಗೆ ಅವಳಿಗೆ ಹೇಳ್ಬೇಡಿ' ಅಂದಿದ್ರು. ದಿನಾ ಸಂಜೆ ಕುಡಿಯೋದು ಬರೀ ಕಪ್ಪು ಚಹಾ, ಅಮ್ಮಾ."

ಬಾಲ್ಕನಿಯಲ್ಲಿ ದಾಮೋದರ ಗ್ಲಾಸಿಗೆ ಮತ್ತೆ ಸುರಿದುಕೊಳ್ಳುತ್ತಿದ್ದ.