ಹಸಿರಿನ ಸರದಿ

ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದಾಗಲೆಲ್ಲ ಆ ವಾಸನೆಗೆ ಮೊಳಕಾಲ್ಮೂರಿನ ಒಂದು ಮಧ್ಯಾಹ್ನ ಎದುರಿಗೆ ಬಂದು ಕೂರುತ್ತದೆ.

ಮೂರು ವರ್ಷದ ತಂಗಿ ಇನ್ನೂ ಮಾತಾಡಿರಲಿಲ್ಲ. ಅವಳ ಮಾತುಗಳನ್ನು ಬರೆದಿಡಲು ನಾನು ಇಟ್ಟಿದ್ದ ಪುಸ್ತಕದಲ್ಲಿ ಬರೀ ತಾರೀಖುಗಳಿದ್ದವು.

“ಈ ಹುಡ್ಗಿ ಮೂಗಿನೇ ಏನೋ, ಮಗಾ,” ಎಂದಳು ಅಜ್ಜಿ.

“ಸುಮ್ನಿರವ್ವ,” ಎಂದ ಅಪ್ಪ, ಮಗ್ಗದಿಂದ ಕಣ್ಣೆತ್ತದೆ.

ಕಿಟಕಿಯ ಬಿಸಿಲು ನೂಲಿನ ಮೇಲೆ ತೇಲುತ್ತಿತ್ತು. ತಂಗಿ ಪಕ್ಕದಲ್ಲಿ ಕೂತು ನೂಲು ಸುತ್ತಿದ ಕಂಡಿಕೆಗಳನ್ನು ಅಪ್ಪನಿಗೆ ಎತ್ತಿಕೊಡುತ್ತಿದ್ದಳು. ಎರಡು ಕೆಂಪು, ಒಂದು ಹಸಿರು, ಮತ್ತೆ ಎರಡು ಕೆಂಪು. ಯಾರೂ ಹೇಳಿಕೊಟ್ಟಿರಲಿಲ್ಲ. ಹಸಿರಿನ ಸರದಿ ಬಂದಾಗ ಅಪ್ಪ ಅವಳು ಚಾಚಿದ್ದನ್ನು ಬಿಟ್ಟು ತಾನೇ ಕೆಂಪನ್ನು ಎತ್ತಿಕೊಂಡ.

“ಅಪ್ಪಾ, ಹಸ್ರು!”

ಮಗ್ಗ ನಿಂತಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೌದಲ್ಲವ್ವ, ನಾನೇ ತಪ್ಪಿದೆ,” ಎಂದ ಅಪ್ಪ, ತಂಗಿಯ ಕೈಯಿಂದ ಹಸಿರನ್ನು ತೆಗೆದುಕೊಳ್ಳುತ್ತ.

ಅಪ್ಪ ಬಣ್ಣ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.