ತೂತಿಲ್ಲದ ಗುಂಡಿ

ಬಿಳಿ ಗುಂಡಿಗಳ ಡಬ್ಬಿಗೆ ಕೈ ಹಾಕಿದವಳಿಗೆ ಸಿಕ್ಕ ಗುಂಡಿಗೆ ತೂತೇ ಇರಲಿಲ್ಲ. ಟೈಲರ್ ಮಾಸ್ಟರ ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಯ್ಯೋ, ಮಾತ್ರೆ! ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಕೆದಕಿದರೆ ಇನ್ನೂ ಮೂರು ಸಿಕ್ಕವು.

ಯಾವ ಮಾತ್ರೆ ಎಂದು ಕೇಳಬೇಕಾಗಿರಲಿಲ್ಲ. ಹೋದ ತಿಂಗಳು ಮಾಸ್ಟರಿಗೆ ವೈರಸ್ ಜ್ವರ ಬಂದಿತ್ತು. ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ ಅನ್ನುವ ಹಾಗೆ, ಜ್ವರ ಬಿಟ್ಟರೂ ಹೃದಯ ಸುಧಾರಿಸಲಿಲ್ಲ. ಸೋತ ಹೃದಯ ರಕ್ತವನ್ನು ಪೂರ್ತಿ ತಳ್ಳಲಾರದೆ, ಒಳಗಿನ ಮೂಲೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿತ್ತು. "ಅಂಗಿ ಗುಂಡಿಯಷ್ಟಿದೆ. ಕಳಚಿ ಮಿದುಳಿಗೆ ಹೋದ್ರೆ ಪ್ರಾಣಕ್ಕೇ ಅಪಾಯ. ದಿನಾ ಸಂಜೆ ರಕ್ತ ತೆಳು ಮಾಡೋ ಈ ಮಾತ್ರೆ ತಪ್ಪಿಸಬಾರ್ದು," ಎಂದಿದ್ದರು ಡಾಕ್ಟರು.

"ಏನ್ರೀ ಇದು?"

ಮಾಸ್ಟರು ಹೊಲಿಯುತ್ತಿದ್ದ ಬಿಳಿ ಕೋಟಿನಿಂದ ತಲೆ ಎತ್ತಲಿಲ್ಲ. "ನಾಲ್ಕೇ ದಿನ ಕಣೇ. ಆ ಮಾತ್ರೆ ತಗೊಂಡ್ರೆ, ಸೂಜಿ ಒಂಚೂರು ತಾಗಿದ್ರೂ ರಕ್ತ ನಿಲ್ಲಲ್ಲ. ಈ ಕೋಟಿನ ಮೇಲೆ ಒಂದು ಹನಿ ಬಿದ್ರೆ ನಲವತ್ತು ವರ್ಷದ ಹೆಸರು ಮಣ್ಣುಪಾಲು."

"ನಾಳೆ ನಿಮಗೇನಾದ್ರೂ ಆದ್ರೆ, ನಿಮ್ಮ ಹೆಸರಿಗೆ ಊಟ ಬಡಿಸ್ಕೊಂಡು ಕೂತಿರ್ಲಾ ನಾನು?" ಅವಳ ದನಿ ಏರಲಿಲ್ಲ. "ಭಯ ಆಗುತ್ತೆ ರೀ. ದಿನಾ ಬೆಳಿಗ್ಗೆ ನೀವು ಕಣ್ಣು ಬಿಡೋವರೆಗೂ ನಿಮ್ಮ ಮುಖಾನೇ ನೋಡ್ತಾ ಇರ್ತೀನಿ."

ಮಾಸ್ಟರ ಸೂಜಿ ನಿಂತಿತು. ಅವಳು ಆಗಲೇ ಡಾಕ್ಟರಿಗೆ ಫೋನು ಹಚ್ಚಿದ್ದಳು. ಅವರು ಚೆನ್ನಾಗಿ ಬೈದರು. ಇವತ್ತಿನದು ಒಂದೇ ನುಂಗಲಿ, ಬಿಟ್ಟದ್ದನ್ನೆಲ್ಲ ಸೇರಿಸಿ ನುಂಗುವುದು ಬೇಡ, ಬೆಳಿಗ್ಗೆಯೇ ಕರೆದುಕೊಂಡು ಬನ್ನಿ ಎಂದರು. ಮಾಸ್ಟರು ಅವಳ ಕಣ್ಣೆದುರೇ ಮಾತ್ರೆ ನುಂಗಿ, ಕೇಳದಿದ್ದರೂ ನಾಲಿಗೆ ಚಾಚಿ ತೋರಿಸಿದರು. ಅವಳಿಗೆ ನಗು ಬರಲಿಲ್ಲ.

ಆಮೇಲೆ ಮಾಸ್ಟರು ಎಡಗೈ ಚಾಚಿದರು. "ಎಲ್ಲಿ, ನಿನ್ನ ಹೆಲ್ಮೆಟ್ ಕೊಡು."

ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕಿಕೊಳ್ಳುವ ಅವಳ ತಗಡಿನ ಟೋಪಿ ಅದು. ಹೊಲಿಗೆ ಬರದವರ ಹೆಲ್ಮೆಟ್ ಎಂದು ಮದುವೆಯಾದ ದಿನದಿಂದ ಅದನ್ನು ಆಡಿಕೊಂಡವರು ಇವರೇ. ಈಗ ಅದನ್ನೇ ಕಷ್ಟಪಟ್ಟು ಬೆರಳಿಗೆ ತುರುಕಿಕೊಂಡು ಮತ್ತೆ ಕೋಟು ಎತ್ತಿಕೊಂಡರು. ನಾಲ್ಕನೇ ಹೊಲಿಗೆಗೆ ಸೂಜಿ ತಗಡಿಗೆ ಟಿಣ್ ಎಂದು ತಾಗಿತು.

"ನೋಡಿದ್ಯಾ? ಇಲ್ದಿದ್ರೆ ಬೆರಳಿಗೇ ಹೋಗ್ತಿತ್ತು," ಎಂದರು ಮಾಸ್ಟರು, ರಾಜಿಯ ದನಿಯಲ್ಲಿ.

ಅವಳು ಮೇಜಿನ ಮೇಲೆ ಸುರಿದ ಗುಂಡಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ತೂತು ನೋಡಿ ನೋಡಿ ಡಬ್ಬಿಗೆ ಹಾಕುತ್ತಿದ್ದಳು.