ಹೊಸ ಗೆರೆ

ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಹಿಡಿದರೆ ಅದರ ಅಣುಗಳ ಕಂಪನ ಬದಲಾಗುತ್ತದೆ, ಇನ್‌ಫ್ರಾರೆಡ್ ಯಂತ್ರ ತೋರಿಸುವ ಗೆರೆ ಪಕ್ಕಕ್ಕೆ ಸರಿಯುತ್ತದೆ ಎಂದು ಇಂದುಮತಿ ತನ್ನ ಪಿಎಚ್.ಡಿ.ಗಾಗಿ ಸಾಧಿಸಬೇಕಿತ್ತು. ಗೆರೆ ಮಾತ್ರ ಜಪ್ಪಯ್ಯ ಎಂದರೂ ಸರಿದಿರಲಿಲ್ಲ.

“ಇವತ್ತೂ ಆಗ್ಲಿಲ್ಲ ಅಂದ್ರೆ ವಿಷಯ ಬದಲಾಯಿಸಮ್ಮ,” ಎಂದ ಗೈಡ್ ನಂಜುಂಡಯ್ಯನವರು, ಮುಚ್ಚಳ ತೆರೆದ ಯಂತ್ರದ ಮೇಲೆ ಬಗ್ಗಿ ನಿಂತರು.

ಇಂದುಮತಿ ತಿರುಪು ತಿರುಗಿಸಿದಳು. ಹಾಳೆ ಬಿಗಿಯಾಯಿತು.

“ಇನ್ನೂ ಎಳಿ.”

“ಹರಿದುಹೋಗತ್ತೆ ಸರ್.”

“ಎಳಿಯಮ್ಮ, ನಾನಿದ್ದೀನಲ್ಲ.”

ಪರದೆಯ ಮೇಲೆ ಹೊಸದೊಂದು ಗೆರೆ ಮೂಡಿ, ನೋಡನೋಡುತ್ತಲೇ ಎತ್ತರಕ್ಕೆ ಬೆಳೆಯಿತು. ಗೈಡ್ ಹಿಗ್ಗಿ ವಿಭಾಗದವರನ್ನೆಲ್ಲ ಕೂಗಿ ಕರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಹೇಳಮ್ಮ, ಯಾವ ಅಣುವಿನ ಗೆರೆ ಇದು?”

ಇಂದುಮತಿ ತಲೆ ತಗ್ಗಿಸಿದಳು.

“ಹಾಳೆ ಆಗಲೇ ಹರಿದುಹೋಯ್ತು ಸರ್. ಇದು ಕಾರ್ಬನ್ ಡೈಆಕ್ಸೈಡ್, ನಿಮ್ಮ ಉಸಿರು.”